ಹಿರ್ಜಿಯ ಹೆಸರಿಗೆ ಒಬ್ಬ ಮಗ

ಎದ್ದು ನಿಲ್ಲಬೇಕೇ, ಕೂತಲ್ಲಿಂದಲೇ ತಲೆಯೆತ್ತಿದರೆ ಸಾಕೇ? ತಂದೆ ಬಾವಾಜಿ ತನ್ನ ಕಡೆ ನೋಡಿದ್ದು ಕೇಳುವುದಕ್ಕೋ, ತಿಳಿಸುವುದಕ್ಕೋ? ಕೇಳುವುದಕ್ಕಾಗಿದ್ದರೆ ಇನ್ನೂ ಒಂದು ಗಳಿಗೆ ನೋಡಬೇಕಿತ್ತು. ಅಥವಾ ಮುದುಕರ ಕಣ್ಣು ಮಂಜಾಗಿ, ತಾನು ಯಾವ ಸಾಲಿನಲ್ಲಿ ಕೂತಿದ್ದೇನೆ ಎಂಬುದೇ ಅವರಿಗೆ ಕಾಣಲಿಲ್ಲವೋ? ಲಿಮ್ಜಿ ಜಮಖಾನದ ಅಂಚಿನಿಂದ ಎದ್ದುಬಂದಿದ್ದ ಒಂದು ನೂಲನ್ನು ಬೆರಳಿಗೆ ಸುತ್ತಿಕೊಂಡ. ಈಗ ಎದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ. ಏಳದಿದ್ದರೆ ಯಾರೂ ನೋಡುವುದಿಲ್ಲ.

ಅವನ ಅಣ್ಣ ಹಿರ್ಜಿ ಸತ್ತು ಅದು ಮೂರನೆಯ ದಿನ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಉಠಮಣಾ, ಸತ್ತವನಿಗಾಗಿ ನಡೆಸುವ ಪ್ರಾರ್ಥನೆಯ ಸಭೆ, ಸೇರಿತ್ತು. ಮುಂಬಯಿ ಕೋಟೆಯೊಳಗಿನ ಅರ್ಧ ಪಾರ್ಸಿಗಳು ಬಿಳಿ ಜಾಮಾ ತೊಟ್ಟು, ಪಗಡಿ ಇಟ್ಟು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಪುರೋಹಿತರಾದ ದಸ್ತೂರರು ಬೆಂಕಿಯ ಮುಂದೆ ಪ್ರಾರ್ಥನೆ ಮುಗಿಸಿದ್ದರು. ಗಂಡುಮಕ್ಕಳಿಲ್ಲದೆ ಸತ್ತವನಿಗೆ ಆ ಹೊತ್ತಿನಲ್ಲಿ, ಆ ಸಭೆಯ ಮುಂದೆ, ಒಬ್ಬ ದತ್ತುಮಗನ ಹೆಸರು ಹೇಳಬೇಕು. ಮರುದಿನ ಬೆಳಗಿನ ಜಾವ ಆತ್ಮ ಪರಲೋಕದ ಸೇತುವೆ ದಾಟುವಾಗ ಈ ಲೋಕದಲ್ಲಿ ಅವನ ಹೆಸರಿನಲ್ಲಿ ಪ್ರಾರ್ಥನೆ ಹೇಳಿಸುವವನೊಬ್ಬ ಇರಬೇಕು. ಹಿರ್ಜಿಗೆ ಮಕ್ಕಳೇ ಇರಲಿಲ್ಲ.

"ಯಾರ ಹೆಸರು?" ಎಂದು ದಸ್ತೂರರು ಕೇಳಿದ್ದರು.

"ಕುವರ್‌ಜಿ," ಎಂದಿದ್ದರು ಬಾವಾಜಿ. "ನನ್ನ ಮೊಮ್ಮಗ."

ಲಿಮ್ಜಿಗಿದ್ದವನು ಒಬ್ಬನೇ ಮಗ. ಅವನೇ ಕುವರ್‌ಜಿ. ಇಪ್ಪತ್ತು ವರ್ಷದವನು.

"ಹುಡುಗನ ತಂದೆಗೆ ಒಪ್ಪಿಗೆ ತಾನೆ?" ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಮಾತು ಅದು, ಎಲ್ಲ ಕಡೆ ಕೇಳುತ್ತಾರೆ. ಬಾವಾಜಿ ಲಿಮ್ಜಿಯ ಕಡೆ ಒಮ್ಮೆ ನೋಡಿದರು. ಪರದೆಯ ಹಿಂದೆ ಹೆಂಗಸರಲ್ಲಿ ಯಾರದೋ ಬಳೆ ಸದ್ದಾಯಿತು. ನೂಲು ಲಿಮ್ಜಿಯ ಬೆರಳಲ್ಲಿ ತುಂಡಾಯಿತು. ಅಷ್ಟರಲ್ಲಿ ಸಭೆಯವರು ಒಬ್ಬೊಬ್ಬರಾಗಿ ಹಣೆಗೆ ಕೈ ಮುಟ್ಟಿಸಿ ಒಪ್ಪಿಗೆ ತೋರಿಸುತ್ತಿದ್ದರು. ಸುಮ್ಮನಿದ್ದರೆ ಒಪ್ಪಿದಂತೆಯೇ. ಕುವರ್‌ಜಿ ಎದ್ದು ಹೋಗಿ ಬೆಂಕಿಗೆ ನಮಸ್ಕರಿಸಿದ.

*

ನಾಲ್ಕನೆಯ ದಿನ ಮನೆಯಲ್ಲಿ ಮತ್ತೆ ಒಲೆ ಹೊತ್ತಿತು. ಮೂರು ದಿನ ನೆಂಟರ ಮನೆಯಿಂದ ಬಂದ ಸಪ್ಪೆ ಊಟ. ಆ ದಿನ ಕುರಿಮಾಂಸ, ಬೇಳೆ, ಕಂದು ಬಣ್ಣದ ಅನ್ನ. ಲಿಮ್ಜಿಯ ಹೆಂಡತಿ ಹಮಾಬಾಯಿ ಬೆಳಗ್ಗೆಯಿಂದ ಒಲೆಯ ಮುಂದಿದ್ದವಳು ಗಂಡನ ತಟ್ಟೆಗೆ ಬಡಿಸುತ್ತ ದನಿ ತಗ್ಗಿಸಿ ಕೇಳಿದಳು.

"ನಿಮ್ಮನ್ನ ಮೊದ್ಲೇ ಕೇಳಿದ್ರಾ?"

"ಯಾರು?"

"ಯಾರಂತೆ! ನಿಮ್ಮಪ್ಪ. ಪರದೆ ಹಿಂದೆ ಕೂತಿದ್ದೆ ನಾನು, ಕಿವಿ ಮನೇಲಿ ಬಿಟ್ಟು ಹೋಗಿರ್ಲಿಲ್ಲ. ಅವ್ರು ನಿಮ್ಮನ್ನ ಕೇಳಿದ್ದು ನನಗೆ ಕೇಳಿಸ್ಲಿಲ್ಲ."

"ಕೇಳ್ಲಿಲ್ಲ."

"ನೀವೂ ಏನೂ ಹೇಳ್ಲಿಲ್ಲ."

"ಹೇಳ್ಲಿಲ್ಲ."

"ಒಳ್ಳೇದಾಯ್ತು. ಲೆಕ್ಕ ಸರಿಹೋಯ್ತು."

ಲಿಮ್ಜಿ ಮೂಳೆಯೊಂದನ್ನು ತಟ್ಟೆಯ ಅಂಚಿಗೆ ಸರಿಸಿದ. "ಹೆಸರಿಗೆ ಅಷ್ಟೇ, ಹಮಾ. ಎಷ್ಟು ಮನೇಲಿ ಹೀಗೆ ಕೊಟ್ಟಿಲ್ಲ? ಸತ್ತೋರ ದಿನ ಬಂದಾಗ ನಾಲ್ಕು ಪ್ರಾರ್ಥನೆ ಹೇಳಿಸ್ತಾನೆ. ಉಳಿದಂತೆ ಇಲ್ಲೇ ಉಣ್ತಾನೆ, ಇಲ್ಲೇ ಮಲಗ್ತಾನೆ."

"ಬೇರೆ ಮನೇಲಿ ನಾಲ್ಕು ಗಂಡು ಇರ್ತವೆ, ಒಂದನ್ನ ಹೆಸರಿಗೆ ಕೊಡ್ತಾರೆ. ನನಗಿರೋದೆಷ್ಟು?"

ಅವನು ಅನ್ನ ಕಲಸಿದ. ಅಣ್ಣ ಸತ್ತ ದಿನದಿಂದ ಅವನಿಗೆ ಊಟದ ರುಚಿ ಗೊತ್ತಾಗುತ್ತಿರಲಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹೆಂಡತಿ ಕೇಳಿದರೆ "ಸರಿಯಾಗಿದೆ" ಎನ್ನುತ್ತಿದ್ದ. ಅಳುವೂ ಬಂದಿರಲಿಲ್ಲ. ಹಿರ್ಜಿ ಬುಧವಾರ ಕೆಲಸದಿಂದ ಬಂದು ಹೊಟ್ಟೆನೋವೆಂದು ಮಲಗಿದ, ಶುಕ್ರವಾರ ಬೆಳಗ್ಗೆ ಹೋದ. ಹೆಣವನ್ನು ಗುಡ್ಡದ ಮೇಲಿನ ದೊಖ್ಮಾಕ್ಕೆ, ಹೆಣವನ್ನು ಹದ್ದುಗಳಿಗೆ ಬಿಡುವ ಗೋಪುರಕ್ಕೆ, ಒಯ್ಯುವಾಗ ಬಿಳಿ ಬಟ್ಟೆಯ ತುದಿ ಹಿಡಿದು ಜೋಡಿಜೋಡಿಯಾಗಿ ನಡೆದವರಲ್ಲಿ ಲಿಮ್ಜಿಯೂ ಇದ್ದ. ಆಗ ತನ್ನ ಬೂಟಿನ ಹಿಮ್ಮಡಿ ಸವೆದಿದೆ ಎಂಬುದೊಂದೇ ಅವನ ಗಮನಕ್ಕೆ ಬಂದದ್ದು.

*

ಮನೆಗೆ ಮೂರು ಅಂತಸ್ತು. ಕೆಳಗೆ ಬಾವಾಜಿ, ಅಂದರೆ ಮಂಚೇರ್‌ಜಿ ಶೇಠ್, ಎಪ್ಪತ್ತಾರು ವರ್ಷದವರು. ಜೊತೆಗೆ ಎಲ್ಲರಿಗೂ ಒಂದೇ ಅಡುಗೆಮನೆ. ನಡುವಿನ ಮಹಡಿಯಲ್ಲಿ ಲಿಮ್ಜಿಯ ಸಂಸಾರ. ಮೇಲಿನದು ಹಿರ್ಜಿಯದು, ಈಗ ಅಲ್ಲಿ ಅವನ ಹೆಂಡತಿ ಮೋಟ್ಲಿಬಾಯಿ ಒಬ್ಬಳೇ.

ಮಜಗಾಂವ್ ಕಡಲಂಚಿನ ಹಡಗುಕಟ್ಟೆ ನಾಲ್ಕು ತಲೆಮಾರಿನದು. ಬಾವಾಜಿಯ ಅಜ್ಜ ಸೂರತ್ತಿನಿಂದ ಬಡಗಿಯಾಗಿ ಬಂದವರು. ಅವರ ಗಜಕೋಲು, ದಂತದ ತುದಿಯದು, ಕಟ್ಟೆಯ ಯಜಮಾನನ ಕೈಯಲ್ಲಿರುತ್ತಿತ್ತು. ಅದು ಯಾರ ಕೈಯಲ್ಲಿದೆಯೋ ಅವನು ಹೇಳಿದಲ್ಲಿ ಮರ ಕೊಯ್ಯಬೇಕು. ಹತ್ತು ವರ್ಷದಿಂದ ಅದು ಹಿರ್ಜಿಯ ಕೈಯಲ್ಲಿತ್ತು. ಲಿಮ್ಜಿ ಮರದವನು. ಹದಿನೆಂಟನೆಯ ವಯಸ್ಸಿಗೇ ಅವನನ್ನು ಕಾರವಾರದ ಕಡೆಗೆ ಕಳಿಸಿದ್ದರು. ಕಾಳಿ ನದಿಯ ದಡದಲ್ಲಿ ಗುಡಿಸಲು ಹಾಕಿಕೊಂಡು, ಕಾಡಿನಿಂದ ಇಳಿದುಬಂದ ತೇಗದ ದಿಮ್ಮಿಗಳನ್ನು ತಟ್ಟಿ ನೋಡಿ, ಆರಿಸಿ, ಮನೆಯ ಮುದ್ರೆ ಹೊಡೆದು ಹಡಗಿಗೆ ಹಾಕಿಸುವುದು ಅವನ ಕೆಲಸ. ವರ್ಷದಲ್ಲಿ ಎಂಟು ತಿಂಗಳು ಅಲ್ಲಿ. ಕುವರ್‌ಜಿ ಹುಟ್ಟಿದ ಸುದ್ದಿ ಅವನಿಗೆ ಇಪ್ಪತ್ತು ದಿನ ತಡವಾಗಿ ತಲುಪಿತ್ತು. ಊರಿಗೆ ಬಂದು ನೆಲೆಸಿದ್ದು ಮೂರು ವರ್ಷದ ಹಿಂದೆ, ಚಳಿಜ್ವರ ಬಿಡದೆ ಕಾಡತೊಡಗಿದ ಮೇಲೆ. ಅಷ್ಟರಲ್ಲಿ ಹುಡುಗ ದೊಡ್ಡಪ್ಪನ ಹಿಂದೆ ಹಿಂದೆ ತಿರುಗಿ ಬಾಚಿ ಹಿಡಿಯುವುದನ್ನು, ಹಡಗಿನ ಪಕ್ಕೆಯ ಬಾಗು ಎಳೆಯುವುದನ್ನು ಕಲಿತಿದ್ದ.

ಎಂಟನೆಯ ದಿನ ಸಂಜೆ ಹಮಾಬಾಯಿ ಮೆಟ್ಟಿಲ ಬುಡದಲ್ಲಿ ನಿಂತು ನೋಡಿದಳು. ಕುವರ್‌ಜಿ ತನ್ನ ಹಾಸಿಗೆಯನ್ನು ಸುತ್ತಿ ಹೆಗಲಿಗೇರಿಸಿ ಮೇಲಕ್ಕೆ ಹೋಗುತ್ತಿದ್ದ.

"ಎಲ್ಲಿಗೋ ಮೆರವಣಿಗೆ?"

"ಕಾಕಿಗೆ ರಾತ್ರಿ ಹೆದರಿಕೆ ಆಗುತ್ತಂತೆ, ಮಾಯ್. ಮೇಲೆ ಮಲಗ್ತೀನಿ."

"ಮಲಗೋಕೆ ಹಾಸಿಗೆ ಸಾಕು. ಆ ಕೈಲಿರೋ ಬಟ್ಟೆ ಪೆಟ್ಟಿಗೆ ಯಾಕೆ? ಅದಕ್ಕೂ ಹೆದರಿಕೆಯಾ?"

ಅವನು ನಕ್ಕ. ಉತ್ತರ ಮೇಲಿನಿಂದ ಬಂತು. ಮೋಟ್ಲಿಬಾಯಿ ಕಟಕಟೆ ಹಿಡಿದು ನಿಂತಿದ್ದಳು.

"ಹಮಾ, ನಾನು ಕೇಳಿದ್ದಲ್ಲ. ಮಾವನವರು ಹೇಳಿದ್ದು."

"ನೀವು ಯಾವತ್ತು ಏನು ಕೇಳಿದ್ದೀರಿ, ಭಾಭಿ? ನಿಮಗೆ ಎಲ್ಲ ತಾನಾಗೇ ಬರುತ್ತೆ."

"ಗಂಡನೂ ತಾನಾಗೇ ಹೋದ, ಅಲ್ವಾ?"

ಹಮಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೋಟ್ಲಿಬಾಯಿ ಎರಡು ಮೆಟ್ಟಿಲು ಇಳಿದಳು.

"ಕೇಳಿಲ್ಲಿ. ನಾನು ದತ್ತಕ್ಕೆ ಕೇಳಿದ್ದು ನವಸಾರಿಯ ನನ್ನ ತಮ್ಮನ ಕಿರಿ ಮಗನನ್ನ. ಹೆಣ ಇನ್ನೂ ಮನೇಲಿತ್ತು, ಆಗ್ಲೇ ಕೇಳಿದೆ. ಗಜಕೋಲು ಮನೆ ಬಿಟ್ಟು ಹೋಗಕೂಡದು ಅಂದ್ರು. ಹೋಗಿ ಅವ್ರನ್ನ ಬಯ್ಯಿ. ನನ್ನನ್ನ ಬೈದ್ರೆ ನಿನ್ನ ಬಾಯಿಗೆ ದಂಡ."

ಆ ದಿನದಿಂದ ಊಟಕ್ಕೆ ಕೂರುವ ಸಾಲು ಬದಲಾಯಿತು. ಮೊದಲು ಬಾವಾಜಿ, ಅವರ ಬಲಕ್ಕೆ ಹಿರ್ಜಿ, ಎಡಕ್ಕೆ ಲಿಮ್ಜಿ, ತಂದೆಯ ಪಕ್ಕದಲ್ಲಿ ಕುವರ್‌ಜಿ ಕೂರುತ್ತಿದ್ದರು. ಈಗ ಕುವರ್‌ಜಿ ಬಲಕ್ಕೆ ಹೋದ. ಲಿಮ್ಜಿಯ ಪಕ್ಕದ ಜಾಗ ಖಾಲಿ ಉಳಿಯಿತು. ಎರಡು ದಿನದ ಮೇಲೆ ಹಮಾಬಾಯಿ ಅಲ್ಲಿ ನೀರಿನ ಹೂಜಿ ತಂದಿಟ್ಟಳು. ಬೆಳಗ್ಗೆ ಮಗನಿಗೆ ಮೊಟ್ಟೆಯ ಅಕೂರಿ ಮಾಡಿದರೆ, ಮೋಟ್ಲಿಬಾಯಿ ಆಗಲೇ ಮೇಲೆ ರವೆಯ ಸಿಹಿ ತಿನ್ನಿಸಿ ಕಳಿಸಿರುತ್ತಿದ್ದಳು.

"ಒಂದು ತುತ್ತು ತಿನ್ನೋ."

"ಹೊಟ್ಟೇಲಿ ಜಾಗ ಇಲ್ಲ, ಮಾಯ್."

"ಇಬ್ಬರು ತಾಯಂದಿರಿಗೆ ಒಂದೇ ಹೊಟ್ಟೆ. ಇನ್ನೊಂದನ್ನ ನಿಮ್ಮಜ್ಜ ಬಪಾವಾಜೀನ ಕೇಳು, ಅದನ್ನೂ ಎಲ್ಲಿಂದಾದ್ರೂ ತಂದುಕೊಡ್ತಾರೆ."

ಮೋಟ್ಲಿಬಾಯಿ ಬಾಣಲೆಯಲ್ಲಿ ಉಳಿದದ್ದನ್ನು ತಾನೇ ಬಡಿಸಿಕೊಂಡು ತಿಂದಳು. "ಈ ಅಕೂರಿಯಲ್ಲಿ ಮೊಟ್ಟೆಗಿಂತ ಮುನಿಸೇ ಜಾಸ್ತಿ," ಎಂದಳು. ಆಮೇಲೆ ಇಬ್ಬರೂ ಹೆಂಗಸರು ಒಂದೇ ಮೊರದ ಮುಂದೆ ಕೂತು ಅಕ್ಕಿ ಆರಿಸಿದರು. ಕಲ್ಲು ಸಿಕ್ಕಾಗ ತಟ್ಟೆಗೆ ಹಾಕುವ ಸದ್ದು ಮಾತ್ರ.

*

ಕಟ್ಟೆಯಲ್ಲಿ ಹೊಸ ಹಡಗಿನ ಕೆಲಸ ಶುರುವಾಗಬೇಕಿತ್ತು. ಮಸ್ಕತ್ತಿನ ವ್ಯಾಪಾರಿಯೊಬ್ಬ ಕೇಳಿದ್ದು, ಕುದುರೆ ಸಾಗಿಸುವುದಕ್ಕೆ. ಎರಡು ವರ್ಷದಿಂದ ಕಟ್ಟೆಗೆ ಬಂದ ಮೊದಲ ದೊಡ್ಡ ಕೆಲಸ ಅದು. ಇಂಗ್ಲೆಂಡಿನಿಂದ ಕಬ್ಬಿಣದ ಹಡಗುಗಳು ಹೊಗೆ ಬಿಡುತ್ತ ಬಂದು ನಿಲ್ಲತೊಡಗಿದ ಮೇಲೆ ಮರದ ಹಡಗು ಬೇಕೆನ್ನುವವರು ಕಡಿಮೆಯಾಗಿದ್ದರು.

ಹದಿನೈದನೆಯ ದಿನ ಅಡಿಮರಕ್ಕೆ ದಿಮ್ಮಿ ಆರಿಸಲು ಎಲ್ಲರೂ ಹೋದರು. ಹಡಗಿನ ಬೆನ್ನೆಲುಬೇ ಅಡಿಮರ. ಅದು ಸರಿಯಿಲ್ಲದಿದ್ದರೆ ಮೇಲೆ ಏನು ಕಟ್ಟಿಯೂ ಉಪಯೋಗವಿಲ್ಲ. ಬಾವಾಜಿಯನ್ನು ಎತ್ತಿನ ಬಂಡಿಯಿಂದ ಇಳಿಸಿ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದರು. ಗಜಕೋಲು ಅವರ ಮಡಿಲಲ್ಲಿತ್ತು.

ಲಿಮ್ಜಿ ದಿಮ್ಮಿಗಳ ನಡುವೆ ನಡೆದು ಒಂದರ ತುದಿಗೆ ಕಿವಿಯಿಟ್ಟು ಸುತ್ತಿಗೆಯಿಂದ ತಟ್ಟಿದ. "ಇದು ಬೇಡ. ತಿರುಳಲ್ಲಿ ಸೀಳಿದೆ. ಬೆಟ್ಟದ ಬಡಗಣ ಮೈಯಲ್ಲಿ ಬೆಳೆದಿದ್ದು, ಮಳೆಗಾಲ ಮುಗಿದ ಕೂಡಲೇ ಕಡಿದಿದ್ದಾರೆ."

ಕುವರ್‌ಜಿ ದಿಮ್ಮಿಯ ಸುತ್ತ ಬಂದ. ಬಗ್ಗಿದ. ತುದಿಯಿಂದ ಎಂಟು ಹೆಜ್ಜೆ ಅಳೆದು ಸುಣ್ಣದ ಗೆರೆ ಎಳೆದ. "ಸೀಳು ಇಲ್ಲಿಗೆ ನಿಲ್ಲುತ್ತೆ. ಇಲ್ಲಿ ಕೊಯ್ದು, ಈ ತುಂಡನ್ನ ಹಿಂಗಂಬಕ್ಕೆ ಹಾಕ್ಬೋದು. ಉಳಿದಿದ್ದು ಅಡಿಮರಕ್ಕೆ ಸಾಕು. ಬಾಗೂ ಸರಿಯಾಗಿದೆ, ನೋಡಿ."

"ಸಾಕಾಗಲ್ಲ," ಎಂದ ಲಿಮ್ಜಿ.

"ಸಾಕಾಗುತ್ತೆ."

ಬಡಗಿಗಳು ಬಾವಾಜಿಯ ಕಡೆ ನೋಡಿದರು. ಮುದುಕರು ಗಜಕೋಲನ್ನು ಮಡಿಲಿಂದ ಎತ್ತಿ ಮೊಮ್ಮಗನ ಕಡೆ ಚಾಚಿದರು. "ಅಳೆ."

ಅಳೆದ. ಸಾಕಾಯಿತು; ಒಂದು ಮೊಳ ಮಿಕ್ಕಿತು. ಗರಗಸದವರು ಕೊಯ್ದಾಗ ಸೀಳು ಅವನು ಎಳೆದ ಗೆರೆಗಿಂತ ಎರಡು ಬೆರಳು ಹಿಂದೆಯೇ ನಿಂತಿತ್ತು. ಬಾವಾಜಿ ಮೂಗಿನಲ್ಲೇ ಒಂದು ಸದ್ದು ಮಾಡಿದರು. "ಹಿರ್ಜಿ ಹೀಗೇ ಹೇಳ್ತಿದ್ದ."

ಗಜಕೋಲನ್ನು ಅವರು ಹಿಂದಕ್ಕೆ ಕೇಳಲಿಲ್ಲ.

ಮಸ್ಕತ್ತಿನವರ ದಲ್ಲಾಳಿ, ತಯ್ಯಬ್‌ಭಾಯ್ ಎಂಬ ಬೊಹ್ರಾ ಮುಸಲ್ಮಾನ, ಅದೇ ಹೊತ್ತಿಗೆ ಕೆಲಸ ನೋಡಲು ಬಂದ. ಹಿರ್ಜಿಯ ಸಾವಿಗೆ ನಾಲ್ಕು ಮಾತು ಹೇಳಿದ. ಕುವರ್‌ಜಿಯ ಕೈಯಲ್ಲಿದ್ದ ಕೋಲನ್ನು ನೋಡಿದ.

"ಇನ್ನು ನಿಮ್ಮ ಜೊತೆ ಮಾತು ಅನ್ನಿ. ಮತ್ತೆ ಇವರು?" ಎಂದು ಲಿಮ್ಜಿಯ ಕಡೆ ತಿರುಗಿದ.

ಕುವರ್‌ಜಿ ಅಜ್ಜನ ಮುಖ ನೋಡಿದ. ಅಜ್ಜ ಅವನ ಮುಖ ನೋಡುತ್ತಿದ್ದರು.

"ಇವರು ಲಿಮ್ಜಿ ಕಾಕಾ," ಎಂದ ಕುವರ್‌ಜಿ. "ನಮ್ಮ ಮರವೆಲ್ಲ ಇವರೇ ನೋಡ್ತಾರೆ."

"ಮರ ಚೆನ್ನಾಗಿದ್ರೆ ಹಡಗು ಚೆನ್ನಾಗಿರುತ್ತೆ," ಎಂದು ದಲ್ಲಾಳಿ ಕೈ ಕುಲುಕಿದ.

ಲಿಮ್ಜಿಯೂ ಕೈ ಕುಲುಕಿದ. ಮರದ ಪುಡಿ ಹತ್ತಿದ್ದರಿಂದ ಮೊದಲು ಅಂಗೈಯನ್ನು ಜಾಮಾಕ್ಕೆ ಒರೆಸಿಕೊಂಡ. ಬಂಡಿಯಲ್ಲಿ ಮನೆಗೆ ಬರುವಾಗ ಮೂವರೂ ಇದ್ದರು. ಕುವರ್‌ಜಿ ಅಪ್ಪನನ್ನು ಕೇಳಿದ, "ಬಾವಾ, ನೀರು ಬೇಕಾ?" ಲಿಮ್ಜಿ ಬೇಡವೆಂದ.

*

ಈ ಸುದ್ದಿ ಹಮಾಬಾಯಿಗೆ ತಲುಪಲು ಒಂದು ವಾರ ಹಿಡಿಯಿತು. ಹೇಳಿದವಳು ಮೀನಿನವಳು, ಅವಳ ಗಂಡ ಕಟ್ಟೆಯಲ್ಲಿ ರಾಳ ಕಾಯಿಸುತ್ತಿದ್ದ. ಒಣ ಬೊಂಬಿಲ್ ಮೀನು ತೂಗುತ್ತ, "ನಿಮ್ಮ ಕುವರ್‌ಜಿ ಶೇಠ್ ಅಪ್ಪನ್ನ ಕಾಕಾ ಅಂತಾರಂತಲ್ಲ, ಬಾಯಿ, ಅದೇನು ನಿಮ್ಮಲ್ಲಿ ಹಂಗೇನಾ?" ಎಂದು ಕೇಳಿದಳು. ಹಮಾಬಾಯಿ ಮೀನು ಬೇಡವೆಂದು ಬುಟ್ಟಿ ಎತ್ತಿಸಿ ಕಳಿಸಿದಳು.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಖಿಚಡಿ, ಹುಳಿ ಹಾಕಿದ ಬದನೆಕಾಯಿ ಸಾರು. ಅವಳು ಬಾವಾಜಿಯ ಮುಂದೆ ಸೌಟು ಹಿಡಿದು ನಿಂತಳು, ಬಡಿಸಲಿಲ್ಲ.

"ಮಾವನವರೇ, ಒಂದು ಮಾತು."

"ಮೊದಲು ಬಡಿಸು."

"ಮಾತಾದ್ಮೇಲೆ. ಹೆಸರಿಗೆ ಅಂತ ಕೊಟ್ಟಿದ್ದು ನಾವು. ಹಾಸಿಗೆ ಹೋಯ್ತು, ಸುಮ್ನಿದ್ದೆ. ಕೂರೋ ಜಾಗ ಹೋಯ್ತು, ಸುಮ್ನಿದ್ದೆ. ಹೆತ್ತ ಅಪ್ಪನ್ನ ಊರವರ ಎದುರು ಕಾಕಾ ಅನ್ನಿಸಿದ್ರಂತೆ. ಇವನೇನು ನನಗೆ ತೇಲಿ ಬಂದ ದಿಮ್ಮಿಯಾ, ಸಿಕ್ಕವರು ಮುದ್ರೆ ಹೊಡ್ಕೊಳ್ಳೋಕೆ?"

"ಮಾಯ್, ಬಿಡು," ಎಂದ ಕುವರ್‌ಜಿ.

"ನೀನು ಬಾಯಿ ಮುಚ್ಚು. ದೊಡ್ಡವರ ಮಾತು ಇದು. ಎರಡೂ ಕಡೆ ತಿಂದು ದಪ್ಪ ಆಗಿದ್ದೀಯ."

ಬಾವಾಜಿ ಖಾಲಿ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. ಸಿಟ್ಟು ಇರಲಿಲ್ಲ ಮುಖದಲ್ಲಿ.

"ಹಮಾ, ಕಟ್ಟೆಯಲ್ಲಿ ಅರುವತ್ತು ಬಡಗಿಗಳು. ಅವರು ಯಾರ ಮಾತು ಕೇಳ್ತಾರೆ? ಇವನು ಹಿರ್ಜಿಯ ಮಗ ಅಂದ್ರೆ ಹಿರ್ಜಿ ಆದ್ಮೇಲೆ ಇವನು. ಲಿಮ್ಜಿಯ ಮಗ ಅಂದ್ರೆ ಮೊದಲು ಲಿಮ್ಜಿ, ಅವನಾದ್ಮೇಲೆ ಇವನು. ಅಷ್ಟರಲ್ಲಿ ಕಟ್ಟೆ ಇರುತ್ತಾ?"

"ಇವರ ಕೈಗೆ ಕೊಟ್ರೆ ಏನಾಗುತ್ತೆ?"

"ಲಿಮ್ಜಿ ಮರ ನೋಡಿದ್ರೆ ಯಾವ ಕಾಡಿಂದು, ಯಾವ ತಿಂಗಳು ಕಡಿದಿದ್ದು ಹೇಳ್ತಾನೆ. ನನಗೂ ಅಷ್ಟು ಬರಲ್ಲ. ಆದ್ರೆ ದಿಮ್ಮಿ ನೋಡಿದ್ರೆ ಅವನಿಗೆ ದಿಮ್ಮಿಯೇ ಕಾಣುತ್ತೆ. ಹಡಗು ಕಾಣಲ್ಲ." ಅವರು ಮಗನ ಕಡೆ ತಿರುಗಿದರು. "ಸುಳ್ಳಾ?"

ಲಿಮ್ಜಿ ಹೂಜಿಯ ಪಕ್ಕದಲ್ಲಿ ಕೂತಿದ್ದ. "ಸುಳ್ಳಲ್ಲ, ಬಾವಾಜಿ."

"ಅಯ್ಯೋ ದೇವರೇ," ಎಂದಳು ಹಮಾಬಾಯಿ.

ಮೋಟ್ಲಿಬಾಯಿ ಇಷ್ಟು ಹೊತ್ತು ನೆಲ ನೋಡುತ್ತಿದ್ದವಳು ಹೇಳಿದಳು, "ಮಾವನವರೇ, ಇಷ್ಟು ಕಷ್ಟ ಇದ್ರೆ ಬೇಡ. ಹುಡುಗನನ್ನ ಕೆಳಗೆ ಕಳಿಸ್ತೀನಿ. ಇನ್ನೊಬ್ಬರ ಮಗನನ್ನ ಕಿತ್ತುಕೊಂಡೆ ಅಂತ ಅನ್ನಿಸ್ಕೊಂಡು ನನಗೆ ಇಲ್ಲಿ ಇರೋಕಾಗಲ್ಲ."

"ಯಾರೂ ಕಿತ್ತುಕೊಳ್ಳೋದು ಬೇಡ." ಬಾವಾಜಿ ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟರು. "ತಿಂಗಳ ಕ್ರಿಯೆ ದಿನ ದಸ್ತೂರರು ಬರ್ತಾರೆ. ಮನೆಯ ಹೆಸರಿನ ಪುಸ್ತಕದಲ್ಲಿ ಬರೀತಾರೆ, ಹಿರ್ಜಿಯ ಮಗ ಕುವರ್‌ಜಿ ಅಂತ. ಆ ಪುಸ್ತಕದಲ್ಲಿ ಬರೆದದ್ದನ್ನ ಇವತ್ತಿನವರೆಗೆ ಯಾರೂ ಹೊಡೆದುಹಾಕಿಲ್ಲ. ಅಲ್ಲೀವರೆಗೆ ಎಂಟು ದಿನ ಇದೆ. ಲಿಮ್ಜಿ ಬಂದು ನನಗೆ ಬೇಡ ಅಂದ್ರೆ ಸಾಕು, ನವಸಾರಿಗೆ ಹೇಳಿಕಳಿಸ್ತೀನಿ. ಲಿಮ್ಜಿ ಹೇಳ್ಬೇಕು. ನೀನಲ್ಲ, ಮೋಟ್ಲಿಯಲ್ಲ. ಸರಿಯಾ? ಈಗ ಬಡಿಸು, ಆರ್ತಾ ಇದೆ."

ಅವಳು ಬಡಿಸಿದಳು. ಎಲ್ಲರೂ ಉಂಡರು.

*

ಎಂಟು ದಿನ ಹಮಾಬಾಯಿ ಗಂಡನನ್ನು ಬಿಡಲಿಲ್ಲ. ಅವನು ಹಲ್ಲು ತಿಕ್ಕುವಾಗ, ಸೊಂಟದ ಪವಿತ್ರ ದಾರ ಕಸ್ತಿ ಬಿಚ್ಚಿ ಕಟ್ಟುತ್ತ ಪ್ರಾರ್ಥನೆ ಮುಗಿಸಿದ ಕೂಡಲೇ, ಮೆಟ್ಟಿಲಲ್ಲಿ, ಬಾವಿಯ ಹತ್ತಿರ.

"ಇವತ್ತು ಹೇಳ್ತೀರಾ?"

"ನೋಡೋಣ."

"ನೋಡೋಕೆ ಏನಿದೆ? ಕೆಳಗೆ ಹೋಗೋದು ಹದಿನಾಲ್ಕು ಮೆಟ್ಟಿಲು. ಬಾಯಿ ತೆರೆಯೋದು."

"ಹೇಳಿದ್ರೆ ಹುಡುಗನ ಗತಿ?"

"ಏನು ಗತಿ? ನನ್ನ ಮಗ ಆಗಿರ್ತಾನೆ!"

"ನಿನ್ನ ಮಗ ಆಗಿ ದಿಮ್ಮಿ ತಟ್ತಾನೆ. ನನ್ನ ಹಾಗೆ."

"ನಿಮ್ಮ ಹಾಗೆ ಆದ್ರೆ ಆಗ್ಲಿ! ನೀವೇನು ಸತ್ತಿದ್ದೀರಾ?"

ಅವನು ಬಾವಿಯ ಹಗ್ಗ ಸುತ್ತಿಟ್ಟ. ಅವಳು ಕೊಡವನ್ನು ಬಾವಿಕಟ್ಟೆಗೆ ಕುಕ್ಕಿದಳು.

ಇಪ್ಪತ್ತೇಳನೆಯ ದಿನ ಲಿಮ್ಜಿ ಹದಿನಾಲ್ಕು ಮೆಟ್ಟಿಲು ಇಳಿದ. ಬಾವಾಜಿ ಕಿಟಕಿಯ ಬಳಿ ಕೂತು ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಆಳನ್ನು ಆಚೆ ಕಳಿಸಿದರು.

"ಕೂತ್ಕೋ."

ಕೂತ. ಮುದುಕರು ಕಾದರು. ಹೊರಗೆ ಬೀದಿಯಲ್ಲಿ ಐಸು ಹೊತ್ತ ಗಾಡಿ ಹೋಯಿತು, ನೀರು ಸೋರಿಸುತ್ತ.

"ಬಾವಾಜಿ, ಕಾರವಾರದಿಂದ ಮುಂದಿನ ಹಡಗು ಬರೋದು ಹುಣ್ಣಿಮೆ ಆದ್ಮೇಲೆ. ನಲವತ್ತು ದಿಮ್ಮಿ."

"ಹೂಂ. ಮತ್ತೆ?"

"ಅಷ್ಟೇ."

"ಅಷ್ಟೇನಾ?" ಮುದುಕರು ಮಂಜುಗಣ್ಣಿನಿಂದ ಅವನಿರುವ ಕಡೆ ನೋಡುತ್ತಲೇ ಇದ್ದರು. ಆಮೇಲೆ ಆಳನ್ನು ಕೂಗಿದರು.

*

ಮೂವತ್ತನೆಯ ದಿನ ಬೆಳಗ್ಗೆ ಮನೆ ತೊಳೆದು, ಬಾಗಿಲಿಗೆ ಸುಣ್ಣದ ಚಿತ್ತಾರ ಇಡದೆ ಬರಿದಾಗಿ ಬಿಟ್ಟಿದ್ದರು. ಹೂವು, ಹಣ್ಣು, ಹಾಲು, ಹಿರ್ಜಿಯ ಹೆಸರಿನ ಹೊಸ ಬಿಳಿ ಬಟ್ಟೆ ಬೆಳ್ಳಿ ತಟ್ಟೆಯಲ್ಲಿ ಸಿದ್ಧವಾಗಿದ್ದವು. ದಸ್ತೂರರಿಬ್ಬರು ಕೈಕಾಲು ತೊಳೆದು ಒಳಗೆ ಕೂತಿದ್ದರು. ಹೆಸರಿನ ಪುಸ್ತಕ, ಕೆಂಪು ಬಟ್ಟೆ ಸುತ್ತಿದ್ದು, ಬಾವಾಜಿಯ ಪಕ್ಕದಲ್ಲಿತ್ತು.

ಲಿಮ್ಜಿ ಹಿತ್ತಲ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದ. ಕುವರ್‌ಜಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಮೈಮೇಲೆ ಹಿರ್ಜಿಯ ಜಾಮಾ. ಮೋಟ್ಲಿಬಾಯಿ ಹೆಗಲ ಹತ್ತಿರ ಬಿಡಿಸಿ ಹೊಲಿದಿದ್ದಳು. ಕೈಬೆರಳ ಸಂದಿಯಲ್ಲಿ ರಾಳದ ಕಲೆ ಹೋಗಿರಲಿಲ್ಲ.

"ಬಾವಾ."

"ಹೂಂ."

"ಬಪಾವಾಜಿ ಹೇಳಿದ್ರು, ನೀವು ಬಂದು ಏನೂ ಹೇಳ್ಲಿಲ್ಲ ಅಂತ."

"ಮರದ ವಿಷಯ ಹೇಳ್ದೆ."

"ಮಾಯ್ ರಾತ್ರಿ ಎಲ್ಲ ಅತ್ತಿದ್ದಾಳೆ." ಅವನು ನೆಲದ ಮೇಲಿನ ಒಂದು ಒಣ ಎಲೆಯನ್ನು ಚೂರು ಮಾಡಿದ. "ನೋಡಿ, ಕಟ್ಟೆ ಕೆಲಸ ನನಗೆ ಬೇಕು. ಬೇಡ ಅಂದ್ರೆ ಸುಳ್ಳಾಗುತ್ತೆ. ಹಿರ್ಜಿ ಕಾಕಾ ನನಗೆ ಕಲಿಸಿದ್ದು, ಅವರಿಗೋಸ್ಕರ ಪ್ರಾರ್ಥನೆ ಹೇಳಿಸೋದೂ ನನಗೆ ಭಾರ ಅಲ್ಲ. ಆದ್ರೆ ಆ ದಿನ ದಲ್ಲಾಳಿ ಮುಂದೆ ಹಾಗಂದಿದ್ದು ನನಗೆ ಇನ್ನೂ ಇಲ್ಲಿ ಕೂತಿದೆ." ಗಂಟಲು ಮುಟ್ಟಿ ತೋರಿಸಿದ.

"ಏನೂ ಆಗಿಲ್ಲ."

"ಆಗಿದೆ. ನೀವು ಬೇಡ ಅಂದ್ರೆ ನಾನು ಒಳಗೆ ಹೋಗಿ ದಸ್ತೂರರ ಮುಂದೆ ಇಲ್ಲ ಅಂತೀನಿ. ಬಪಾವಾಜಿ ಕೂಗಾಡ್ಲಿ. ನಾವಿಬ್ರೂ ಕಾರವಾರಕ್ಕೆ ಹೋಗಿ ದಿಮ್ಮಿ ತಟ್ಟೋಣ. ನನಗೆ ಆ ಹೊಳೆ ನೋಡೋ ಆಸೆಯೂ ಇದೆ."

ಲಿಮ್ಜಿ ಬಟ್ಟಲನ್ನು ತಟ್ಟೆಯ ಮೇಲಿಟ್ಟ. ಕಾಳಿ ನದಿಯ ದಡದ ಗುಡಿಸಲು, ಅಲ್ಲಿ ಒದ್ದೆ ಹಾಸಿಗೆಯ ಮೇಲೆ ಜ್ವರದಲ್ಲಿ ಎಣಿಸಿದ ಮಳೆಗಾಲಗಳು. ಇಪ್ಪತ್ತು ವರ್ಷದ ಹಿಂದೆ ಬಂದಿದ್ದ ಒಂದು ಕಾಗದ: ಗಂಡು ಮಗು, ತಾಯಿ ಮಗು ಆರೋಗ್ಯ, ಹಿರ್ಜಿ ಮಗುವನ್ನು ಎತ್ತಿಕೊಂಡು ಕೆಳಗೆ ಇಳಿಸುವುದಿಲ್ಲ.

"ಹೂಂ ಅಂದ್ರೂ ಸರಿ, ಬಾವಾ. ಹೋಗು ಅಂದ್ರೆ ಹೋಗ್ತೀನಿ. ಏನಾದ್ರೂ ಒಂದು ಹೇಳಿ."

ಒಳಗಿನಿಂದ ಬಾವಾಜಿಯ ದನಿ ಬಂತು. "ಕುವರ್‌ಜಿ! ಹೊತ್ತಾಯ್ತು."

ಕುವರ್‌ಜಿ ಏಳಲಿಲ್ಲ.

"ಅಡಿಮರದ ಆ ದಿಮ್ಮಿ," ಎಂದ ಲಿಮ್ಜಿ, "ಬಿಸಿಲಿಗೆ ಬಿಟ್ಟಿದ್ದೀಯಾ?"

"ನೆರಳಲ್ಲಿದೆ."

"ಕೊಯ್ದ ತುದಿಗೆ ಒದ್ದೆ ಗೋಣಿ ಹಾಕಿಸು. ಇಲ್ಲಾಂದ್ರೆ ಹೊಸದಾಗಿ ಸೀಳುತ್ತೆ."

"ಹಾಕಿಸಿದ್ದೀನಿ."

"ದಿನಕ್ಕೆ ಎರಡು ಸಲ ನೀರು ಹಾಕಬೇಕು."

"ಸರಿ."

ಕುವರ್‌ಜಿ ಎದ್ದು, ಜಾಮಾದ ಮಡಿಕೆಯನ್ನು ಸರಿಮಾಡಿಕೊಂಡು, ತಂದೆಯ ಖಾಲಿ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದ. ಬಟ್ಟಲನ್ನು ಅಡುಗೆಮನೆಯಲ್ಲಿ ಇಟ್ಟ ಸದ್ದು ಕೇಳಿಸಿತು. ಪ್ರಾರ್ಥನೆ ಶುರುವಾಯಿತು. ನಡುವೆ ಯಾರ ಅಪ್ಪಣೆಯಿಂದ ಈ ಪ್ರಾರ್ಥನೆ ಎಂದು ಹೆಸರು ಹೇಳುವ ಜಾಗ ಬಂದಾಗ ದಸ್ತೂರರು ಒಂದು ಉಸಿರು ನಿಲ್ಲಿಸಿ, ಹಿರ್ಜಿಯ ಮಗ ಕುವರ್‌ಜಿ ಎಂದು ಹೇಳಿದರು. ಹಿತ್ತಲಿಗೂ ಸ್ಪಷ್ಟವಾಗಿ ಕೇಳಿಸಿತು. ಪುಸ್ತಕದಲ್ಲಿ ಬರೆಯುವುದು ಮುಗಿದ ಮೇಲೆ ಮಸಿ ಆರಲು ಯಾರೋ ಬೀಸಣಿಗೆಯಿಂದ ಗಾಳಿ ಹಾಕಿದರು.

ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಹಮಾಬಾಯಿ ಗಂಡನಿಗೆ ಬಡಿಸಿದಳು. ಅತ್ತು ಅವಳ ಮುಖ ಊದಿತ್ತು, ದನಿ ಮಾತ್ರ ಎಂದಿನಂತಿತ್ತು.

"ಅವನು ಹಿತ್ತಲಿಗೆ ಬಂದಿದ್ದನಂತೆ. ನಿಮ್ಮನ್ನ ಕೇಳ್ತೀನಿ ಅಂತ ನನಗೆ ಹೇಳಿಯೇ ಬಂದಿದ್ದ."

"ಬಂದಿದ್ದ."

"ಏನು ಹೇಳಿದ್ರಿ?"

"ಮರದ ವಿಷಯ ಮಾತಾಡಿದ್ವಿ."

ಅವಳು ಅವನನ್ನು ನೋಡಿದಳು. ಇನ್ನೊಂದು ಸೌಟು ಅನ್ನ ಹಾಕಿದಳು. "ಸಾರಿಗೆ ಉಪ್ಪು ಸರಿಯಿದೆಯಾ?"

"ಸರಿಯಾಗಿದೆ."

ಅವಳು ಪಾತ್ರೆಗಳನ್ನು ಎತ್ತಿಕೊಂಡು ಹೋದಳು. ಲಿಮ್ಜಿ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡ.

ಕುವರ್‌ಜಿ ನನ್ನ ಮಗ, ಅವನು ನನಗೆ ಬೇಕು ಎಂದು ಅವನು ತಂದೆಗೆ ಹೇಳಲಿಲ್ಲ, ಹೆಂಡತಿಗೆ ಹೇಳಲಿಲ್ಲ, ಕೇಳಲು ಬಂದು ಕೂತಿದ್ದ ಕುವರ್‌ಜಿಗೂ ಹೇಳಲಿಲ್ಲ.